ಮಲ್ಲಿಗೆ ಮಾರಿನ ಲೆಕ್ಕಕ್ಕೆ ಸಿಗದ ನಮ್ಮ ಮನೆಯ ಆಮೆಯವರಿಗೆ

ಇವರಿಗೆ,
ಶ್ರೀಮಾನ್ ಅಥವಾ ಶ್ರೀಮತಿ ಆಮೆಯವರು,
ಗಾಜಿನ ತೊಟ್ಟಿ, ನಡುಮನೆ, ಹೂವಿನಹಡಗಲಿ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ಬೆನ್ನ ಮೇಲಿನ ಚಿಪ್ಪಿಗೆ, ಹಾಗೂ ನಾನು ಬಾಯಿ ತೆರೆದೊಡನೆ ಒಳಗೆ ಹೋಗುವ ತಲೆಗೆ, ಇದೇ ಮನೆಯಲ್ಲಿ ಹೂ ಕಟ್ಟಿ ಮಾರುವ ನಾಗಲಿಂಗಮ್ಮನ ಅನಂತ ವಂದನೆಗಳು. ನಾನು ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿಯೂ ಆಗಿದ್ದು, ದೊಡ್ಡ ಸಾಹೇಬರಿಂದ ಹಿಡಿದು ನಲ್ಲಿ ನೀರು ಬಿಡುವವರವರೆಗೆ ಎಲ್ಲರಿಗೂ ಹದಿನಾರು ವರ್ಷಗಳಿಂದ ಮನವಿ ಬರೆದ ಅನುಭವವುಳ್ಳವಳಾದ್ದರಿಂದ, ತಮಗೂ ಒಂದು ಬರೆಯುವ ಧೈರ್ಯ ಮಾಡಿದ್ದೇನೆ. ಅವರಂತೆ ತಾವೂ ಉತ್ತರ ಕೊಡುವುದಿಲ್ಲವೆಂದು ಗೊತ್ತಿರುವುದರಿಂದ, ಊರಿನವರಾದರೂ ಓದಲೆಂದು ಇದರ ಒಂದು ಪ್ರತಿಯನ್ನು ಹೂವಿನ ಬುಟ್ಟಿಗೆ ಅಂಟಿಸಿಕೊಂಡು ಕೂತಿದ್ದೇನೆ.

ತಾವು ಈ ಮನೆಗೆ ದಯಮಾಡಿಸಿದ್ದು ಎರಡು ವರ್ಷದ ಹಿಂದೆ, ನನ್ನ ಯಜಮಾನರಾದ ಮೈಲಾರೇಶರ ಟೆಂಪೋದಲ್ಲಿ. ದಾವಣಗೆರೆಗೆ ಮಲ್ಲಿಗೆ ಮೊಗ್ಗು ಹಾಕಿ ಬರಲು ಹೋದವರು, ವಾಪಸ್ಸು ಬರುವಾಗ ಖಾಲಿ ಬುಟ್ಟಿಗಳ ನಡುವೆ ಐದು ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡವರಾದ ತಮ್ಮನ್ನು ಕೂಡಿಸಿಕೊಂಡು ಬಂದು, "ಮನ್ಯಾಗ ಆಮಿ ಇದ್ರ ಲಕ್ಷ್ಮಿ ಎಲ್ಲೂ ಹೋಗಂಗಿಲ್ಲಂತ, ಸುಮ್ನಿರು" ಎಂದು ನನ್ನ ಬಾಯಿ ಮುಚ್ಚಿಸಿದರು. ಅವರ ಮಾತು ಸುಳ್ಳಾಗಲಿಲ್ಲ. ಲಕ್ಷ್ಮಿ ಎಲ್ಲಿಯೂ ಹೋಗಲಿಲ್ಲ, ಬಂದವಳು ಬಂದಹಾಗೆಯೇ ನಡುಮನೆಯಲ್ಲಿ ತಮ್ಮ ತೊಟ್ಟಿಯೊಳಗೆ ಮುಳುಗಿದಳು.

ಹೂವಿನವರಾದ ನಾವು ಯಾವ ಖರ್ಚನ್ನೂ ರೂಪಾಯಿಯಲ್ಲಿ ಯೋಚಿಸುವವರಲ್ಲ, ಮಾರಿನಲ್ಲಿ ಯೋಚಿಸುವವರು. ಎರಡೂ ಕೈ ಚಾಚಿದಷ್ಟು ಉದ್ದದ ಮಾಲೆ ಒಂದು ಮಾರು. ನಾನು ಕನಸು ಕಾಣುತ್ತಿದ್ದ ಫ್ರಿಜ್ಜಿಗೆ ಐನೂರು ಮಾರು. ಸಂಜೆ ಉಳಿದ ಹೂವನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಕೇಳಿದ ಬೆಲೆಗೆ ಕೊಟ್ಟು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುವುದು ತಪ್ಪಲಿ ಎಂಬುದೊಂದೇ ನನ್ನ ಆಸೆ. ಅರ್ಧ ಹಣ ನಾನೇ ಕೂಡಿಟ್ಟಿದ್ದೆ, ಉಳಿದರ್ಧ ಸಂಘದಿಂದ ಸಾಲ. ಅಧ್ಯಕ್ಷೆ ಗೀತಮ್ಮನವರು ಕೇಳಿದ್ದು ಒಂದು ವರ್ಷದ ಮನೆ ಬಜೆಟ್ ಮಾತ್ರ. ಬರೆಯಲು ಕೂತೆ. ಅಕ್ಕಿ, ಜೋಳ, ಗ್ಯಾಸು, ಮೈಲಾರೇಶರ ಬಿ.ಪಿ. ಮಾತ್ರೆ ಎಲ್ಲವೂ ಒಂದೇ ಪುಟದಲ್ಲಿ ಮುಗಿದವು. ತಮ್ಮದೊಬ್ಬರದೇ ಮೂರು ಪುಟವಾಯಿತು.

ನೀರು ಸೋಸುವ ಫಿಲ್ಟರ್ ನಲವತ್ತು ಮಾರು. ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುವ ಈ ಊರಿನಲ್ಲಿ, ಡಿಸೆಂಬರ್‌ನ ಹದಿನೈದು ದಿನಕ್ಕಾಗಿ ತಮ್ಮ ನೀರು ಕಾಯಿಸುವ ಹೀಟರ್ ಮೂವತ್ತು ಮಾರು. ಇನ್ನು ದೀಪದ ವಿಷಯದಲ್ಲಿ ತಪ್ಪು ನನ್ನದೇ ಎಂದು ಒಪ್ಪುತ್ತೇನೆ. ಸೂಕ್ಷ್ಮವಾದದ್ದನ್ನೆಲ್ಲ ಬಿಸಿಲಿಗೆ ತೋರಿಸದೆ ಹಸಿ ಗೋಣಿಚೀಲದ ಕೆಳಗೆ ತಂಪಾಗಿ ಇಡಬೇಕೆಂಬುದು ನಮ್ಮ ಕಸುಬಿನ ಪಾಠವಾದ್ದರಿಂದ, ನಾನು ತಮ್ಮನ್ನೂ ಮೊಗ್ಗಿನ ಹಾಗೆಯೇ ಮುಚ್ಚಿಟ್ಟು ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಚಿಪ್ಪು ಮೆತ್ತಗಾಗಿ ಪಶು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ನಗು ತಡೆಯಲಾಗದೆ, "ಅಮ್ಮಾರ, ಇದು ಮಲ್ಲಿಗಿ ಅಲ್ರಿ ಮುಚ್ಚಿಡಾಕ, ಇದಕ್ಕ ಬಿಸ್ಲು ಬೇಕ್ರಿ" ಎಂದರು. ಹಾಗಾಗಿ, ಬಿಸಿಲಿಗೆ ಹೆದರಿ ಮನುಷ್ಯರು ಮನೆಯಿಂದ ಹೊರಬಾರದ ಊರಿನಲ್ಲಿ ಐವತ್ತು ಮಾರು ಕೊಟ್ಟು ದೀಪದ ಬಿಸಿಲು ಖರೀದಿಸಿದ ಮೊದಲ ಹೆಂಗಸು ಎಂಬ ಕೀರ್ತಿ ತಮ್ಮಿಂದ ನನಗೆ ಲಭಿಸಿತು.

ಊಟದ ವಿಚಾರಕ್ಕೆ ಬಂದರೆ, ಮಂಡಕ್ಕಿಯನ್ನು ತಾವು ಮೂಸಿಯೂ ನೋಡಲಿಲ್ಲ. ಮೊಟ್ಟೆಯೂ ಹೊಸ್ತಿಲು ದಾಟದ ನಮ್ಮ ಮನೆಯಲ್ಲಿ ತಮಗೆ ಒಣ ಸೀಗಡಿಯೇ ಆಗಬೇಕು. ಪಕ್ಕದ ಮನೆಯ ಭರಮಮ್ಮನವರು ದೊಡ್ಡ ಮನಸ್ಸು ಮಾಡಿ ಅವರ ಹಿತ್ತಲಲ್ಲಿ ಪ್ರತ್ಯೇಕ ತಟ್ಟೆಯಿಟ್ಟು ದಿನಾ ತಮಗೆ ಬಡಿಸುತ್ತಿದ್ದಾರೆ. ಉಂಡ ಮೇಲೆ ಮೈಲಾರೇಶರು ನಮ್ಮ ಹಿತ್ತಲ ಬಾಗಿಲಲ್ಲಿ ತಮ್ಮ ಮೇಲೆ ಎರಡು ತಂಬಿಗೆ ನೀರು ಹೊಯ್ದು, ಮಡಿಯಾದಿರೆಂದು ಖಾತ್ರಿ ಮಾಡಿಕೊಂಡೇ ಒಳಗೆ ತರುತ್ತಾರೆ. ಹಗಲಿರುಳು ನೀರಿನಲ್ಲೇ ಇರುವವರಿಗೆ ಸ್ನಾನ ಮಾಡಿಸುವ ಈ ಸೇವೆಗೆ ಮಾತ್ರ ನಾವು ಬಜೆಟ್ಟಿನಲ್ಲಿ ಏನೂ ಹಾಕಿಲ್ಲ.

ಈಗ ತಾವು ಅಂಗೈ ಅಗಲ ಬೆಳೆದಿದ್ದು, ಫ್ರಿಜ್ಜಿನಷ್ಟೇ ಐನೂರು ಮಾರಿನ ಹೊಸ ತೊಟ್ಟಿ ಬೇಕಾಗಿದೆ. ಅದನ್ನು ಕೊಂಡರೆ ಫ್ರಿಜ್ ಇಲ್ಲ, ಫ್ರಿಜ್ ಕೊಂಡರೆ ತಾವಿಲ್ಲ. ಹೊಳೆಗೆ ಬಿಡೋಣವೆಂದರೆ, ತಾವು ಪರದೇಶದ ಜಾತಿ, ನಮ್ಮ ಆಮೆಗಳ ಹೊಟ್ಟೆಗೆ ಹೊಡೆಯುತ್ತೀರಿ ಎಂದು ಡಾಕ್ಟರು ಬೈದರು. ಅವರ ಮಾತನ್ನು ನಂಬಲು ನನಗೆ ಕಷ್ಟವಾಗಲಿಲ್ಲ. ಕೊನೆಗೆ ತಮ್ಮನ್ನು ಮಾರಿದ್ದ ದಾವಣಗೆರೆಯ ಅಂಗಡಿಯವರು ಪುಕ್ಕಟೆ ವಾಪಸ್ಸು ತೆಗೆದುಕೊಳ್ಳುವುದಾಗಿ ಒಪ್ಪಿದರು. ಮೈಲಾರೇಶರು, "ನನ್ನ ಟೆಂಪೋದಾಗ ಬ್ಯಾಡ, ನನ್ ಕೈಲಿ ಆಗಂಗಿಲ್ಲ" ಎಂದು ಮುಖ ತಿರುಗಿಸಿದ್ದರಿಂದ, ತಮ್ಮನ್ನು ಹೂವಿನ ಬುಟ್ಟಿಯಲ್ಲಿ ಕೂಡಿಸಿಕೊಂಡು ನಾನೇ ಬಸ್ ಹತ್ತಿದೆ.

ನನಗೆ ಶೂನ್ಯ ಟಿಕೆಟ್ ಹರಿದ ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, "ಹೆಣ್ಣಿದ್ರ ಫ್ರೀ ಬಿಡಾನು, ಗಂಡಿದ್ರ ಟಿಕೀಟ್ ತಗಸ್ರಿ. ಏನೈತಿ ಹೇಳ್ರಿ ಮದ್ಲ" ಎಂದು ತಮಾಷೆ ತೆಗೆದರು. ಅಲ್ಲಿಂದ ಇಡೀ ಬಸ್ಸು ಎರಡು ಪಕ್ಷವಾಯಿತು. ಉಗುರು ಉದ್ದವಿದ್ದರೆ ಗಂಡು ಎಂದರು ಕೆಲವರು, ಉಗುರು ಉದ್ದ ಬಿಡುವವರು ಹೆಂಗಸರಲ್ಲವೇ ಎಂದರು ಇನ್ನು ಕೆಲವರು. ತಾವು ಮಾತ್ರ ಯಾವ ಪಕ್ಷಕ್ಕೂ ಸಾಕ್ಷಿ ನುಡಿಯದೆ ಚಿಪ್ಪಿನೊಳಗೇ ಉಳಿದಿರಿ.

ಬಸ್ ಬದಲಿಸಲು ಹರಪನಹಳ್ಳಿಯಲ್ಲಿ ಇಳಿದು, ಕಲ್ಲು ಬೆಂಚಿನ ಮೇಲೆ ಕೂತು ಬುಟ್ಟಿಯ ಬಟ್ಟೆ ಸರಿಸಿದೆ. ತಾವು ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಿರಿ. ದಾವಣಗೆರೆ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನನಗೆ ಏಳಲಾಗಲಿಲ್ಲ. ತಮ್ಮ ಮೇಲೆ ನನಗೆ ಜೀವವಿದೆ ಎಂಬುದು ಅಷ್ಟು ಜನರ ನಡುವೆ ಗೊತ್ತಾಗಿ ವಿಪರೀತ ಸಿಟ್ಟು ಬಂತು, ಸೆರಗಿನಿಂದ ಕಣ್ಣೊರೆಸಿಕೊಂಡು ಹಡಗಲಿಯ ಬಸ್ಸನ್ನೇ ಹತ್ತಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಇನ್ನು ಮುಂದೆ ತಾವು ಬೆಳೆಯುವುದನ್ನು ನಿಲ್ಲಿಸಬೇಕು, ಅಥವಾ ಬೆಳೆಯಲೇಬೇಕೆಂದಿದ್ದರೆ ಹೂವಿನ ರೇಟು ಏರಿದ ತಿಂಗಳಲ್ಲಿ ಮಾತ್ರ ಬೆಳೆದು, ಆಷಾಢದಲ್ಲಿ ಮದುವೆಗಳಿಲ್ಲದೆ ಮಾರಿನ ಬೆಲೆ ಇಳಿದಾಗ ಅಷ್ಟೇ ಪ್ರಮಾಣದಲ್ಲಿ ಕುಗ್ಗಿ ಸಹಕರಿಸಬೇಕು. ಅಮಾವಾಸ್ಯೆಗೆ ಉಪವಾಸ ಮಾಡಿದರೆ ಭರಮಮ್ಮನವರಿಗೂ ರಜೆ ಸಿಗುತ್ತದೆ.

ಸಾಲದ ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ 'ಫ್ರಿಜ್' ಹೊಡೆದುಹಾಕಿ 'ಆಮೆ' ಎಂದು ಬರೆದುಕೊಟ್ಟೆ. ಗೀತಮ್ಮನವರು ಕನ್ನಡಕ ತೆಗೆದು, "ಹಾಲು ಕೊಡತೈತೇನ್ ನಾಗಲಿಂಗಮ್ಮಾ, ಇಲ್ಲಾ ಮರಿನರ ಹಾಕತೈತೇನು?" ಎಂದಾಗ ಸಭೆಗೆ ಸಭೆಯೇ ನಕ್ಕು ಉರುಳಿತು. ಆದರೂ ಆಮೆಗೆಂದು ಬೇರೆ ಕಾಲಂ ಇಲ್ಲದ್ದರಿಂದ, ತಮ್ಮನ್ನು ಎಮ್ಮೆ, ಕುರಿಗಳ ಜೊತೆ ಜಾನುವಾರು ಸಾಕಣೆಗೆ ಸೇರಿಸಿ ಮಂಜೂರು ಮಾಡಿದರು. ಇಪ್ಪತ್ನಾಲ್ಕು ಕಂತು. ಒಂದು ಸಾಲ ತೀರುವವರೆಗೆ ಇನ್ನೊಂದಿಲ್ಲ, ಆ ನಿಯಮ ಬರೆದವಳೂ ನಾನೇ. ತಾವು ಇನ್ನೂ ಮೂವತ್ತು ವರ್ಷ ಬಾಳುತ್ತೀರೆಂದು ಡಾಕ್ಟರು ಹೇಳಿದ್ದಾರೆ. ನನಗೀಗ ಐವತ್ತೇಳು. ಅಷ್ಟು ವರ್ಷದ ಬಜೆಟ್ ಹಾಕಲು ಹೊರಟು, ನಡುವೆಯೇ ಎಲ್ಲೋ ಬರೆಯುವವಳೇ ಇರುವುದಿಲ್ಲವಲ್ಲ ಎಂದು ಹೊಳೆದು ಪೆನ್ನು ಕೆಳಗಿಟ್ಟೆ. ಇದ್ದಷ್ಟು ದಿನ ಹೂ ಕಟ್ಟುತ್ತೇನೆ, ತಾವು ತಿನ್ನಿರಿ.

ಸಂಜೆಯ ಹೂವನ್ನು ಇನ್ನೆರಡು ವರ್ಷ ಕೇಳಿದ ಬೆಲೆಗೇ ಕೊಡಲಿರುವ
ತಮ್ಮ ವಿಶ್ವಾಸಿ,
ನಾಗಲಿಂಗಮ್ಮ

ತಾ.ಕ.: ಸಾಲದ ಜಾನುವಾರಿನ ಕಿವಿಗೆ ನಂಬರಿನ ಬಿಲ್ಲೆ ಹೊಡೆಯಬೇಕೆಂಬುದು ಸಂಘದ ನಿಯಮ. ನಾಳೆ ಬೆಳಿಗ್ಗೆ ಹತ್ತಕ್ಕೆ ಗೀತಮ್ಮನವರು ಬಿಲ್ಲೆ ಮತ್ತು ಇಕ್ಕಳ ಹಿಡಿದು, ಹನ್ನೆರಡು ಸದಸ್ಯೆಯರೊಂದಿಗೆ ಬರಲಿದ್ದಾರೆ. ನಿನ್ನೆಯಿಂದ ಹುಡುಕುತ್ತಿದ್ದೇನೆ, ತಮ್ಮ ತಲೆಯ ಮೇಲೆ ಕಿವಿ ಎಂಬುದೇ ಇಲ್ಲ. ಸಂಘದ ಮಾನ ಉಳಿಸುವ ದೃಷ್ಟಿಯಿಂದ, ಅಷ್ಟರೊಳಗೆ ಒಂದಾದರೂ ಬೆಳೆಸಿಕೊಂಡು ಸಿದ್ಧರಾಗಿರತಕ್ಕದ್ದು.