ಸೊಪ್ಪಿನವರಿಗೆ ನಾನು ಲಾಭದ ಪಾಠ ಹೇಳಿದ್ದು

ರಾಜಾಜಿನಗರದ ಒಂದು ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷ ವಾಣಿಜ್ಯಶಾಸ್ತ್ರ ಕಲಿಸಿದವಳು. ಉತ್ಪಾದನೆ, ನಿರ್ವಹಣೆ, ಲಾಭ ಇವನ್ನೆಲ್ಲ ಪುಸ್ತಕ ನೋಡದೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ವಿದ್ಯಾರ್ಥಿಗಳೂ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಹೀಗಿರುವಾಗ ನಾಲ್ಕು ಜನ ರೈತರನ್ನು ಉದ್ಧಾರ ಮಾಡುವುದು ದೊಡ್ಡ ಕೆಲಸವೆಂದು ನನಗೆ ಅನಿಸಲೇ ಇಲ್ಲ.

ವಿಜಯನಗರದ ನಮ್ಮ ಮನೆಗೆ ವಾರಕ್ಕೆರಡು ಸಲ ಪುಟ್ಟತಾಯಮ್ಮ ಸೊಪ್ಪು ತರುತ್ತಿದ್ದರು. ಕೆಂಗೇರಿಯಾಚೆ ಅವರದು ಅರ್ಧ ಎಕರೆ ಜಮೀನು. ಬೆಳೆದದ್ದರಲ್ಲಿ ಮುಕ್ಕಾಲು ಪಾಲನ್ನು ರಾಜಣ್ಣ ಎಂಬವನು ಕೊಂಡು, ತನ್ನ ಟೆಂಪೋದಲ್ಲಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಮಿಕ್ಕಿದ್ದನ್ನು ಅವರು ಬುಟ್ಟಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ತರಕಾರಿ ಗಾಡಿಯವರ ಜೇಬಿನಲ್ಲೂ ಆಗತಾನೇ ಮೊಬೈಲು ಕಾಣಿಸತೊಡಗಿದ್ದ ಕಾಲ ಅದು. ಒಂದು ಬೆಳಿಗ್ಗೆ ಅವರು ಹೇಳಿದ ಬೆಲೆ ಕೇಳಿ ನನಗೇ ಸಂಕಟವಾಯಿತು.

"ಇಷ್ಟಕ್ಕೆ ಕೊಟ್ರೆ ನಿಮಗೇನು ಉಳಿಯುತ್ತೆ ಪುಟ್ಟತಾಯಮ್ಮ?"

"ಬುಟ್ಟಿ ಉಳೀತದೆ ಕಣವ್ವ," ಎಂದರು.

ಅಂದೇ ತೀರ್ಮಾನಿಸಿದೆ. ಭಾನುವಾರ ಭಾನುವಾರ ಅವರ ಊರಿಗೆ ಹೋಗಿ ಸೊಪ್ಪು ಬೆಳೆಯುವ ಹೆಂಗಸರಿಗೆಲ್ಲ ಪಾಠ ಹೇಳುವುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

"ಈ ವರ್ಷದಲ್ಲಿ ನಾವು ತಂದ ತುಳಸಿ ಗಿಡ ಎಷ್ಟನೇದು ಕಣೇ?" ಎಂದು ಕೇಳಿದರು.

"ಐದನೇದು. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

ಅವರು ಪುಟ ತಿರುವಿದರು.

ಅವರ ಊರಿನ ಹಾಲಿನ ಡೈರಿಯ ಜಗಲಿಯ ಮೇಲೆ ಮೊದಲ ತರಗತಿ ನಡೆಯಿತು. ಒಂಬತ್ತು ಜನ ಬಂದಿದ್ದರು. ಶಿಸ್ತು ಮುಖ್ಯ, ಪಾಠದ ನಡುವೆ ಯಾರೂ ಮಾತಾಡಬಾರದು ಎಂದು ಮೊದಲೇ ಹೇಳಿಬಿಟ್ಟೆ. ಬೇಡಿಕೆ ಮತ್ತು ಪೂರೈಕೆಯ ಗೆರೆಗಳಿದ್ದ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಗೌರಮ್ಮ ಎಂಬಾಕೆ ಅದನ್ನೇ ದಿಟ್ಟಿಸಿ, ಕೈ ಎತ್ತಿ, "ಮೇಡಂ, ಹೊಸ ರೋಡು ನಮ್ಮ ಹೊಲದ ಮ್ಯಾಲೇ ಹೋಯ್ತದಾ?" ಎಂದು ಕೇಳಿದರು. ಒಂಬತ್ತು ಮುಖಗಳೂ ಗಾಬರಿಯಾದವು. ಅದು ರಸ್ತೆಯ ನಕ್ಷೆಯಲ್ಲವೆಂದು ನಂಬಿಸುವಷ್ಟರಲ್ಲಿ ತರಗತಿ ಮುಗಿದಿತ್ತು.

ಎರಡನೆಯ ವಾರ ಹಾಳೆ ಬಿಟ್ಟು ಮಣ್ಣಿಗಿಳಿದೆ. ಪುಟ್ಟತಾಯಮ್ಮನ ಹೊಲದಲ್ಲಿ ಒಂದು ಪಾತಿ ಕೇಳಿ ಪಡೆದೆ. ಅಡಿಗೆಮನೆಯ ಡಬ್ಬಿಯಿಂದ ತಂದ ಕೊತ್ತಂಬರಿ ಬೀಜವನ್ನು ದಾರ ಹಿಡಿದು, ಗೇಣಿಗೊಂದರಂತೆ, ವೈಜ್ಞಾನಿಕವಾಗಿ ಊರಿದೆ. ಹೆಂಗಸರು ಸುತ್ತ ನಿಂತು ಬಹಳ ಗೌರವದಿಂದ ನೋಡಿದರು. ಮೂರು ವಾರದ ನಂತರ ನೋಡಿದರೆ ಪಕ್ಕದ ಪಾತಿಗಳಲ್ಲಿ ಹಸಿರು ಹಾಸಿತ್ತು. ನನ್ನದರಲ್ಲಿ ಎರಡು ಸಸಿಗಳು ಒಂದನ್ನೊಂದು ದೂರದಿಂದ ನೋಡುತ್ತಾ ನಿಂತಿದ್ದವು.

"ಬೀಜಾನ ಮೆಟ್ಟಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕ್ಬೇಕಿತ್ತು ಮೇಡಂ," ಎಂದರು ಪುಟ್ಟತಾಯಮ್ಮ.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಪಾಠ ಮಾಡ್ತಿದ್ರಿ. ನಡುವೆ ಮಾತಾಡಬ್ಯಾಡಿ ಅಂದಿದ್ರಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಬೆಳೆಯುವುದು ಅವರ ಕೆಲಸ, ಮಾರುವುದು ನನ್ನ ಶಾಸ್ತ್ರ ಎಂದು ಘೋಷಿಸಿದೆ. ಒಂದು ಭಾನುವಾರದ ಮಟ್ಟಿಗೆ ರಾಜಣ್ಣನಿಗೆ ಸೊಪ್ಪು ಕೊಡುವುದು ಬೇಡ, ನಮ್ಮ ಮನೆ ಹತ್ತಿರದ ಅತ್ತಿಗುಪ್ಪೆಯಲ್ಲಿ ನಾವೇ ನೇರವಾಗಿ ಮಾರೋಣ ಎಂದೆ. ಒಂಬತ್ತು ಮನೆಯ ಒಂದು ದಿನದ ಬೆಳೆ ಅದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಪುಟ್ಟತಾಯಮ್ಮ, "ಓದಿದೋರು ಹೇಳ್ತಾವ್ರೆ, ಒಂದ್ಸಲ ನೋಡೇಬುಡಾನ," ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ.

ಎಲ್ಲವನ್ನೂ ನಾನೇ ಯೋಜಿಸಿದೆ. ಭಾನುವಾರ ಜನ ತಡವಾಗಿ ಏಳುತ್ತಾರೆಂದು ಮಾರಾಟ ಹತ್ತು ಗಂಟೆಗೆ ಇಟ್ಟೆ. ಸೊಪ್ಪಿಗೆ ನೀರು ಚಿಮುಕಿಸಿದರೆ ತೂಕ ಹೆಚ್ಚಿ ಗ್ರಾಹಕರಿಗೆ ಮೋಸವಾಗುತ್ತದೆ, ಒಂದು ಹನಿಯೂ ಕೂಡದು ಎಂದೆ. ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ, ತೂಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. 'ಒಂದೇ ಬೆಲೆ, ಚೌಕಾಸಿ ಇಲ್ಲ' ಎಂದು ಬೋರ್ಡನ್ನೂ ಬರೆಸಿದೆ.

ಲಗೇಜ್ ಆಟೋದಲ್ಲಿ ಬಂದ ಸೊಪ್ಪನ್ನು ಪಾರ್ಕಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಜೋಡಿಸಿದೆವು. ಕೊತ್ತಂಬರಿ, ಪುದೀನ ಅರ್ಧ ಗಂಟೆಯಲ್ಲಿ ಖಾಲಿಯಾದವು. ನಾನು ಯಜಮಾನರಿಗೆ ಫೋನ್ ಮಾಡಿ ಬೀಗಿದೆ. ಅಷ್ಟೇ. ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆಯನ್ನು ಯಾರೂ ಮುಟ್ಟಲಿಲ್ಲ.

"ಜನ ಸೊಪ್ಪು ತಿನ್ನೋದು ಬಿಟ್ಟುಬಿಟ್ರಾ?" ಎಂದೆ.

"ಭಾನುವಾರ ಅಲ್ವಾ ಮೇಡಂ," ಎಂದರು ಗೌರಮ್ಮ. "ಎಲ್ರ ಮನೇಲೂ ಕೋಳಿ. ಅದಕ್ಕೆ ಕೊತ್ತಂಬರಿ, ಪುದೀನ ಸಾಕು."

ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಭಾನುವಾರದ ಈ ಆರ್ಥಿಕ ಮಹತ್ವ ನನ್ನ ಅರಿವಿಗೆ ಬಂದಿರಲೇ ಇಲ್ಲ.

ನಿಂತವರೂ ಬೋರ್ಡು ಓದಿ ನಡೆದರು. ಒಬ್ಬ ಆಂಟಿ ದಂಟಿನ ಕಟ್ಟೊಂದನ್ನು ಎತ್ತಿದರು. ಅದು ಅವರ ಕೈಯಲ್ಲಿ ಒದ್ದೆ ಟವೆಲಿನಂತೆ ಜೋತುಬಿತ್ತು. "ಇದಕ್ಕೆ ಚೌಕಾಸಿ ಬೇರೆ ಮಾಡ್ಬೇಕಾ?" ಎಂದು ಕೆಳಗಿಟ್ಟರು. ಆಗ ನಾನೇ ಕೂಗತೊಡಗಿದೆ. ತರಗತಿಯ ಅಭ್ಯಾಸ, ಬಾಯಿಗೆ ಬಂದದ್ದು ಪುಸ್ತಕದ ಕನ್ನಡ. "ತಾಜಾ ಸೊಪ್ಪು ದೊರೆಯುತ್ತದೆ, ದಯವಿಟ್ಟು ಬನ್ನಿರಿ." ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ, ಬಹಳ ಮೆಲ್ಲಗೆ, "ಮೇಡಂ, ಕಾಲೇಜಲ್ಲಿ ಏನಾದ್ರೂ ಪ್ರಾಬ್ಲಂ ಆಯ್ತಾ?" ಎಂದು ವಿಚಾರಿಸಿದ.

ಎರಡು ಗಂಟೆಯ ಹೊತ್ತಿಗೆ ಸೊಪ್ಪು ನೆಲಕ್ಕಂಟಿತ್ತು. ಹೆಂಗಸರು ಬಾಡಿದ ಕಟ್ಟುಗಳನ್ನು ಚೀಲಕ್ಕೆ ತುಂಬತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಊರಿನಿಂದ ಗೌರಮ್ಮನ ಮೊಬೈಲಿಗೆ ಸುದ್ದಿ ಬಂತು. ರಾಜಣ್ಣ ಸಿಟ್ಟಾಗಿದ್ದಾನೆ, ನಾಳೆಯಿಂದ ಟೆಂಪೋ ಬರುವುದಿಲ್ಲವಂತೆ. ಒಂಬತ್ತು ಜನರೂ ಎದ್ದು ನಿಂತರು. ಒಂದು ದಿನದ ಬೆಳೆಯನ್ನು ನಾನು ತುಂಬಿಕೊಡಬಹುದಿತ್ತು. ಟೆಂಪೋವನ್ನು ಎಲ್ಲಿಂದ ತರಲಿ?

ಸ್ಕೂಟರಿನಲ್ಲಿ ನೇರ ಕೆಂಗೇರಿಗೆ, ರಾಜಣ್ಣನ ಮನೆಗೆ ಹೋದೆ. ಐವತ್ತರ ಹತ್ತಿರದ ದಪ್ಪ ಮನುಷ್ಯ. ಜಗಲಿಯ ಮೇಲೆ ಕೂತಿದ್ದ.

"ತಪ್ಪು ಅವರದಲ್ಲ, ನಂದು," ಎಂದೆ.

"ನಾನು ನಿಮ್ಮ ಕಾಲೇಜಿಗೆ ಬಂದು ಪಾಠ ಮಾಡ್ತೀನಿ ಅಂದ್ರೆ ನೀವು ಸುಮ್ನಿರ್ತೀರಾ ಮೇಡಂ?"

ಕ್ಷಮೆ ಕೇಳಲೆಂದೇ ಹೋಗಿದ್ದೆ. ಆದರೆ ಆ ದನಿ ಕೇಳಿ ನನ್ನ ಹಠ ಎದ್ದು ಕೂತಿತು. "ಬನ್ನಿ. ಮುಂದಿನ ಭಾನುವಾರ ಡೈರಿ ಜಗಲಿಗೆ ಬಂದು ನೀವೇ ಪಾಠ ಮಾಡಿ. ಮಾರ್ಕೆಟ್ ಅಂದ್ರೇನು ಅಂತ ನನಗೂ ಹೇಳಿಕೊಡಿ," ಎಂದೆ.

ರಾಜಣ್ಣನನ್ನು ಪಾಠಕ್ಕೆ ಕರೆದವರು ಅದುವರೆಗೆ ಯಾರೂ ಇರಲಿಲ್ಲವೇನೋ. ಮರುದಿನ ಟೆಂಪೋ ಬಂತು. ಭಾನುವಾರ ರಾಜಣ್ಣನೂ ಬಂದ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು.

ಏನು ಪಾಠ ಅದು. ಯಾವ ವಾರ ಯಾವ ಸೊಪ್ಪು ಹೋಗುತ್ತದೆ, ಯಾವ ಹಬ್ಬದ ಮುಂಚೆ ಯಾವುದಕ್ಕೆ ಬೆಲೆ ಏರುತ್ತದೆ, ಎಲ್ಲರೂ ಒಂದೇ ವಾರ ಕೊತ್ತಂಬರಿ ಹಾಕಿದರೆ ಅದು ಯಾಕೆ ಬಿದ್ದುಹೋಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದ. ನಾನು ಜೊತೆಗೆ ತಂದಿದ್ದ ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದರು. ಅವನಿಗೆ ಹುಮ್ಮಸ್ಸು ಏರಿತು. "ಹೋದ ತಿಂಗಳು ಮದುವೆ ಟೈಮಲ್ಲಿ ಕೊತ್ತಂಬರಿ ಕಟ್ಟು ಎಷ್ಟಕ್ಕೆ ಮಾರಿದೆ ಗೊತ್ತಾ? ಹತ್ತು ರೂಪಾಯಿ," ಎಂದು ಎದೆಯುಬ್ಬಿಸಿದ.

"ನಮಗೆ ಮೂರು ಕೊಟ್ಟಿದ್ದೆ," ಎಂದರು ಪುಟ್ಟತಾಯಮ್ಮ.

ರಾಜಣ್ಣ ಬೋರ್ಡಿನ ಕಡೆ ನೋಡಿದ. ಹತ್ತು ರೂಪಾಯಿ ಎಂದು ಅಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆದಾಗಿತ್ತು. ಮುಂದಿನ ಒಂದು ಗಂಟೆ ಅಲ್ಲಿ ನಡೆದದ್ದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮಾರಿದ ಬೆಲೆಯಲ್ಲಿ ಬೆಳೆದವರಿಗೆ ಅರ್ಧ, ರಾಜಣ್ಣನಿಗೆ ಅರ್ಧ ಎಂದು ನಿಗದಿಯಾಯಿತು. ಮಾರ್ಕೆಟ್ಟಿನ ದರವನ್ನು ಅವನು ದಿನವೂ ಗೌರಮ್ಮನಿಗೆ ಫೋನಿನಲ್ಲಿ ಹೇಳಬೇಕು, ಆಕೆ ಅದನ್ನು ಡೈರಿಯ ಗೋಡೆಯ ಮೇಲೆ ಬರೆಯಬೇಕು. ಕೊತ್ತಂಬರಿ ಬಿತ್ತಲು ಸರದಿಯೂ ಗೊತ್ತಾಯಿತು. ಈ ಮಾತುಕತೆಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಪುಟ್ಟತಾಯಮ್ಮ, "ವಸಿ ಇರಿ ಮೇಡಂ," ಎಂದರು.

ಅದರ ಮರುವಾರ ಪಾಠ ನನ್ನದೇ ಎಂದು ಹಠ ಹಿಡಿದೆ. ವಿಷಯ: ಸಮಯದ ನಿರ್ವಹಣೆ. ಹೋಗಿ ನೋಡಿದರೆ ಎಲ್ಲರೂ ಕಟಾವಿನಲ್ಲಿದ್ದರು. ಜಗಲಿಯ ಮೇಲೆ ಮೆಂತ್ಯದ ರಾಶಿಯ ಮುಂದೆ ಪುಟ್ಟತಾಯಮ್ಮ ಒಬ್ಬರೇ.

"ನೀವು ಶುರು ಮಾಡಿ ಮೇಡಂ, ಕಟ್ಟು ಕಟ್ಕೊಂಡೇ ಕೇಳ್ತೀನಿ."

ಶುರು ಮಾಡಿದೆ. ಹತ್ತು ನಿಮಿಷದಲ್ಲಿ ನನ್ನ ಕೈಗೂ ಬಾಳೆನಾರು ಬಂದಿತ್ತು. ಮಾತಾಡುತ್ತಲೇ ಕಟ್ಟಿ ಕಟ್ಟಿ ಪಕ್ಕಕ್ಕಿಟ್ಟೆ. ನಾನು ಇಟ್ಟ ಕಟ್ಟುಗಳನ್ನು ಅವರು ಸದ್ದಿಲ್ಲದೆ ಎತ್ತಿಕೊಂಡು, ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ನಾನು ಅದನ್ನು ನೋಡಿದೆ. ಪಾಠ ಮಾತ್ರ ನಿಲ್ಲಿಸಲಿಲ್ಲ.