ಪೇಟೆ ಬೀದಿಯಲ್ಲಿ ತಾತನ ಮನೆ

ಹನ್ನೆರಡು ವರ್ಷ ತೆಪ್ಪಗೆ ಮಲಗಿದ್ದ ಸುಳ್ಳೊಂದು ಆ ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಎದ್ದು ಕೂತು ಆಕಳಿಸಿತು. ಅದನ್ನು ಎಬ್ಬಿಸಿದವನು ನಾಗಭೂಷಣನ ಭಾಮೈದ ಶಿವರಾಮ್.

“ಭಾವ, ಹಳೇ ಯಲಹಂಕದ ಪೇಟೆ ಬೀದಿ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರಂತೆ. ಹೆಂಚಿನ ಮನೆ, ಮರದ ಕಂಬ, ಜಗಲಿ. ನಿಮ್ಮ ತಾತನ ಮನೆ ಇರೋದೂ ಅಲ್ಲೇ ಅಲ್ವಾ? ಒಂದಿನಾನೂ ತೋರಿಸ್ಲಿಲ್ಲ ನೀವು. ನಡೀರಿ, ಹೆಂಗೂ ಕಾರಿದೆ.”

ನಾಗಭೂಷಣ ಬಾಯಿಯವರೆಗೆ ತಂದ ಇಡ್ಲಿಯನ್ನು ವಾಪಸ್ಸು ತಟ್ಟೆಗಿಟ್ಟ.

ಯಾಕೆಂದರೆ ಅವನಿಗೆ ಪೇಟೆ ಬೀದಿಯಲ್ಲಿ ತಾತನ ಮನೆ ಇರಲಿಲ್ಲ. ಪೇಟೆ ಬೀದಿಯ ಮಾತು ಹಾಗಿರಲಿ, ಎಲ್ಲಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ಕೊಡಿಗೇಹಳ್ಳಿಯ ಬಾಡಿಗೆ ಮನೆಗಳಲ್ಲೇ ಬೆಳೆದವನು. ಹೆಣ್ಣು ನೋಡಲು ಹೋದ ದಿನ ರಾಧಾಮಣಿಯ ಅಪ್ಪ, ಸ್ವಂತ ಮನೆ ಅಂತ ಏನಾದ್ರೂ ಇದೆಯಾ ಎಂದು ಕೇಳಿದಾಗ, ಎದುರಿಗೆ ಕೂತ ಹುಡುಗಿಯ ಮುಖ ನೋಡಿ ನಾಲಿಗೆ ಜಾರಿತ್ತು. ಯಲಹಂಕದ ಪೇಟೆ ಬೀದಿಯಲ್ಲಿ ತಾತನ ತೊಟ್ಟಿ ಮನೆ ಇದೆ, ದಾಯಾದಿಗಳ ಕೈಲಿದೆ ಅಂದುಬಿಟ್ಟಿದ್ದ. ಬೇರೆ ಊರು ಬಿಟ್ಟು ಯಲಹಂಕವೇ ಯಾಕೆ ಬಾಯಿಗೆ ಬಂತೋ ಅವನಿಗೇ ತಿಳಿಯದು. ಪಕ್ಕದಲ್ಲಿ ಕೂತಿದ್ದ ಅಮ್ಮ ಗೌರಮ್ಮ ಕಾಫಿ ಲೋಟವನ್ನು ಟಪ್ಪನೆ ಕೆಳಗಿಟ್ಟಿದ್ದಳು. ಅಮ್ಮನಿಗೆ ಸುಳ್ಳು ಕಂಡರಾಗುವುದಿಲ್ಲ ಎಂದುಕೊಂಡು ಅವನು ಆಮೇಲೆ ಅವಳ ಮುಂದೆ ಆ ಊರಿನ ಹೆಸರೆತ್ತಿರಲಿಲ್ಲ.

ಇವತ್ತೂ ಅಷ್ಟೇ. ಯಲಹಂಕ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಗೌರಮ್ಮ ಚಟ್ನಿ ಪಾತ್ರೆಯನ್ನು ಕುಕ್ಕಿ, “ನಾನ್ ಬರಲ್ಲ, ಹೋಗೋರು ಹೋಗಿ,” ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಹೋಗದೆ ಇರುವಂತೆಯೂ ಇರಲಿಲ್ಲ. ಶಿವರಾಮ್ ಹುಣಸಮಾರನಹಳ್ಳಿಯ ಸುತ್ತ ಬಿಲ್ಡಿಂಗು ಎಬ್ಬಿಸುವವನು. ಮದುವೆ ಮುಂಜಿಯಲ್ಲಿ ತವರಿನವರು ‘ಬಾಡಿಗೆ ಮನೆ ಅಳಿಯ’ ಎಂದು ಹಂಗಿಸಿದಾಗಲೆಲ್ಲ ರಾಧಾಮಣಿ ಸೆರಗು ಬಿಗಿದು ನಿಲ್ಲುತ್ತಿದ್ದಳು: “ನಮ್ಮನೆಯವರದು ಪೇಟೆ ಬೀದಿ ವಂಶ ಕಣ್ರೀ, ನಿಮ್ಮ ಹಾಗೆ ನಿನ್ನೆ ಮೊನ್ನೆ ಕಾಂಪೌಂಡು ಕಂಡೋರಲ್ಲ.” ಸುಳ್ಳು ಬಯಲಾದರೆ ಶಿವರಾಮ್ ನಗುತ್ತಾನೆ, ನಗಲಿ. ರಾಧಾಮಣಿಗೆ ಹೇಗೆ ಮುಖ ತೋರಿಸುವುದು? ಅವಳಾಗಲೇ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಟ್ರಾಫಿಕ್ಕಾದರೂ ಕಾಪಾಡೀತು ಎಂದುಕೊಂಡ. ಬೇರೆ ದಿನ ಉಸಿರುಗಟ್ಟುವ ಏರ್‌ಪೋರ್ಟ್ ರಸ್ತೆ ಅವತ್ತು ಮುಡಿ ಕೊಟ್ಟ ತಲೆಯ ಹಾಗೆ ನುಣ್ಣಗಿತ್ತು. ಪೆಟ್ರೋಲ್ ಇದೆಯಾ ಎಂದು ಕೇಳಿದ, ಫುಲ್ ಇತ್ತು. ಹೊಟ್ಟೆ ಯಾಕೋ ಸರಿಯಿಲ್ಲ ಎಂದ. ರಾಧಾಮಣಿ ಬ್ಯಾಗಿನಿಂದ ಮಾತ್ರೆ ತೆಗೆದು ಕೊಟ್ಟಳು. ಸರಿಯಾಗಿಯೇ ಇದ್ದ ಹೊಟ್ಟೆ ಆಮೇಲೆ ಕೆಟ್ಟಿತು.

ಪೇಟೆ ಬೀದಿ ಚೆನ್ನಾಗಿಯೇ ಇತ್ತು, ನೆಮ್ಮದಿಯಿದ್ದವರ ಕಣ್ಣಿಗೆ. ಹಿತ್ತಾಳೆ ಬಿಂದಿಗೆಗಳು ನೇತುಬಿದ್ದ ಅಂಗಡಿ, ಮೊಳ ಹಾಕುತ್ತಾ ಗಿರಾಕಿಯೊಂದಿಗೆ ಜಗಳಕ್ಕೆ ನಿಂತ ಹೂವಿನವಳು, ಎರಡು ಹೊಸ ಬಿಲ್ಡಿಂಗುಗಳ ನಡುವೆ ಮೈ ಹಿಡಿಮಾಡಿ ನಿಂತ ಹೆಂಚಿನ ಮನೆಗಳು. ರಾಧಾಮಣಿ ಒಂದೊಂದು ಜಗಲಿಯ ಮುಂದೂ ನಿಂತು ಫೋಟೋ ತೆಗೆದಳು. ಶಿವರಾಮ್ ಕಣ್ಣಲ್ಲೇ ಟೇಪು ಹಿಡಿದು ಸೈಟು ಅಳೆಯುತ್ತಿದ್ದ. “ಇದಾ ಭಾವ?” “ಅಲ್ಲ, ಮುಂದೆ.” “ಹಂಗಾದ್ರೆ ಇದು?” “ಇನ್ನೂ ಮುಂದೆ.” ನಾಗಭೂಷಣ ಮನೆ ಕೆಡವಿದ ಒಂದು ಖಾಲಿ ಜಾಗಕ್ಕಾಗಿ ಹುಡುಕುತ್ತಿದ್ದ. ಅದನ್ನು ತೋರಿಸಿ ಕಣ್ಣೊರೆಸಿಕೊಂಡರೆ ಮುಗಿಯಿತು. ಹಾಳಾದ ಬೀದಿಯಲ್ಲಿ ಅಂಥದ್ದೊಂದೂ ಇರಲಿಲ್ಲ.

ಕಡೆಗೆ ಬೀಗ ಹಾಕಿದ ಒಂದು ಮನೆ ಕಂಡಿತು. ಎರಡು ಕಂಬದ ಜಗಲಿ, ಬಾಗಿಲಲ್ಲಿ ತೆಂಗಿನಕಾಯಿ ಗಾತ್ರದ ಬೀಗ. ಒಳಗೆ ಯಾರೂ ಇಲ್ಲ ಅನ್ನುವುದೇ ಅವನಿಗೆ ದೇವರು ಕಣ್ಣು ಬಿಟ್ಟ ಹಾಗಾಯಿತು.

“ಇದೇ,” ಎಂದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎಡಗಡೆ ಕಂಬದ ಮೇಲಿನ ಮರದ ಗಿಣಿಗೆ ಕೊಕ್ಕು ಇರಲಿಲ್ಲ. “ನೋಡು, ಆ ಗಿಣಿ ಕೊಕ್ಕು ಮುರಿದಿದ್ದು ನಮ್ಮಪ್ಪಾನೇ. ಬುಗುರಿ ಬೀಸಿ ಹೊಡೆದುಬಿಟ್ಟಿದ್ರಂತೆ, ಚಿಕ್ಕೋರಿದ್ದಾಗ.” ಇಷ್ಟು ಸಲೀಸಾಗಿ ಹೇಗೆ ಬಂತಪ್ಪ ಎಂದು ಅವನಿಗೇ ಆಶ್ಚರ್ಯವಾಯಿತು. ರಾಧಾಮಣಿ ಗಿಣಿಗೆ ಕೈ ಮುಗಿದಳು.

ಎದುರಿನ ಹಾಸಿಗೆ ಅಂಗಡಿಯ ಅಕ್ಬರ್ ಪಾಷಾ ಹತ್ತಿ ತುಂಬುವುದು ಬಿಟ್ಟು ಎದ್ದು ನಿಂತರು. “ಅರೆ ಕಾಡಪ್ಪ ಭಾಯ್, ಹಿತ್ಲಿಂದ ಬನ್ನಿ ಇತ್ಲಾಗೆ. ಮೊಮ್ಮಗ ಇನ್ನೊಬ್ರು ಬಂದವ್ರೆ.”

ಸಂದಿಯಿಂದ ಪಂಚೆ ಎತ್ತಿ ಕಟ್ಟಿಕೊಂಡು ಕಾಡಪ್ಪ ಬಂದ. ಮುಂಬಾಗಿಲ ಬೀಗ ಬರೀ ತೋರಿಕೆಯದು, ಬ್ರೋಕರುಗಳ ಕಾಟಕ್ಕೆ ಹಾಕಿದ್ದು. ಮನೆಯವರು ಓಡಾಡುವುದು ಹಿತ್ತಲಿಂದ.

“ಯಾರ್ರೀ ಅದು, ತಾತನ್ ಮನೆ ಅಂದೋರು? ನಿಮ್ಮಪ್ಪನ ಎಸ್ರೇನು?”

“ವೆಂಕಟರಾಮಯ್ಯ,” ಎಂದ ನಾಗಭೂಷಣ. ಪಕ್ಕದಲ್ಲಿ ಹೆಂಡತಿ ನಿಂತಿರುವಾಗ ಅಪ್ಪನ ಹೆಸರನ್ನಾದರೂ ನಿಜ ಹೇಳಲೇಬೇಕಲ್ಲ.

ಕಾಡಪ್ಪ ಜಗಲಿ ಮೇಲೆ ಕೂತೇಬಿಟ್ಟ. ಈ ಮನೆ ಬಿಟ್ಟು ಹೋದ ಅವನ ದೊಡ್ಡಪ್ಪನ ಹೆಸರು ಮುನಿಶಾಮಿ. ಅವನ ಪಾಲು ಹಾಗೇ ಇದೆ ಅಂತ ಬೀದಿಗೆಲ್ಲ ಗೊತ್ತು. ಜಾಗಕ್ಕೆ ಬೆಲೆ ಬಂದಮೇಲೆ ಬ್ರೋಕರುಗಳು ಆಗಲೇ ಇಬ್ಬರು ಮೊಮ್ಮಕ್ಕಳನ್ನು ತಯಾರು ಮಾಡಿ ಕಳಿಸಿದ್ದರು. “ಅವ್ರಿಬ್ರೂ ಎಸ್ರಾದ್ರೂ ಸರಿಯಾಗಿ ಕಲ್ತಿದ್ರು,” ಎಂದ ಕಾಡಪ್ಪ. “ನಿಮ್ಗೆ ಅದ್ನೂ ಯೋಳ್ಕೊಡ್ಲಿಲ್ವಾ?”

ಅಷ್ಟರಲ್ಲಿ ಅವನ ತಾಯಿ ಮುನಿಕೆಂಪಮ್ಮ ಕೋಲೂರಿಕೊಂಡು ಬಂದಳು. ಗಿಣಿಯ ಮಾತನ್ನು ಪಾಷಾರಿಂದ ಕೇಳಿದವಳು ನಾಗಭೂಷಣನ ಮುಖವನ್ನು ಹಣ್ಣು ಕೊಳ್ಳುವವಳ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಎಸ್ರು ತಪ್ಪು. ಆದ್ರೆ ಗಿಣಿ ಇಸ್ಯ ಇವ್ನಿಗ್ಯಾರ್ ಯೋಳಿದ್ರೋ? ಅದು ಈ ಮನೆಯೋರ್ ಬಿಟ್ರೆ ಇನ್ನೊಬ್ರಿಗೆ ಗೊತ್ತಿಲ್ಲ.”

“ಈ ಸಲದ ಬ್ರೋಕರ್ ಹುಷಾರು ಅಮ್ಮಿ,” ಎಂದರು ಪಾಷಾ.

ಹೂವಿನವಳು, ಹಿತ್ತಾಳೆ ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ಮದುವೆ ಊಟದ ಪಂಕ್ತಿಗೆ ನುಗ್ಗಿದ ಹಾಗೆ ಸೇರಿಕೊಂಡರು. ನಾಗಭೂಷಣ ಕಾರಿನ ಕಡೆಗೆ ಎರಡು ಹೆಜ್ಜೆ ಹಾಕಿದರೆ ಜನ ನಾಲ್ಕು ಹೆಜ್ಜೆ ಮುಂದೆ ನಿಂತಿರುತ್ತಿದ್ದರು. ಶಿವರಾಮ್ ಮಾತ್ರ ಎರಡೂ ಕೈ ಕಟ್ಟಿಕೊಂಡು ಸಿನಿಮಾ ನೋಡುವವನಂತಿದ್ದ.

ಮುನಿಕೆಂಪಮ್ಮ ತಟ್ಟೆಯಲ್ಲಿ ಕರ್ಪೂರ ತರಿಸಿದಳು. ಆ ಬೀದಿಯ ಕೋರ್ಟು ಅದೇ. ಉರಿಯುವ ಕರ್ಪೂರವನ್ನು ಬರಿಗೈಯಿಂದ ಒತ್ತಿ ಆರಿಸಿ ಆಡಿದ ಮಾತೇ ಮಾತು, ಅದರ ಮೇಲೆ ಯಾರೂ ಮರುಮಾತಾಡುವಂತಿಲ್ಲ. ಆ ಇಬ್ಬರು ಮೊಮ್ಮಕ್ಕಳು ಕರ್ಪೂರ ಕಂಡದ್ದೇ ಚಪ್ಪಲಿ ಬಿಟ್ಟು ಓಡಿದ್ದರಂತೆ.

“ನಿಂದೇ ಮನೆ ಆದ್ರೆ ನಂದೇ ಅಂತ ಆರ್ಸು. ಅಲ್ಲಾಂದ್ರೆ ಅಲ್ಲಾಂತ ಆರ್ಸು. ಸುಮ್ಕೆ ಓಗಂಗಿಲ್ಲ.”

“ಆರಿಸ್ರೀ, ಭಯ ಏನು? ನಿಮ್ಮದೇ ಮನೆ,” ಎಂದಳು ರಾಧಾಮಣಿ, ಕಣ್ಣಲ್ಲಿ ನೀರು ತುಂಬಿಕೊಂಡು.

ನಾಗಭೂಷಣ ಅವಳನ್ನು ನೋಡಿದ, ಉರಿಯನ್ನು ನೋಡಿದ. ಶನಿವಾರ ಉಪವಾಸ ಮಾಡುವ, ದೇವರ ಪಟ ಕಂಡಲ್ಲೆಲ್ಲ ಚಪ್ಪಲಿ ಕಳಚುವ ಮನುಷ್ಯ. ಹೆಂಡತಿಗೆ ಹೇಳಿದ ಸುಳ್ಳನ್ನು ದೇವರ ಮುಂದೂ ಹೇಳುವಷ್ಟು ಗುಂಡಿಗೆ ಅವನಿಗಿರಲಿಲ್ಲ. ಕಣ್ಣು ಮುಚ್ಚಿ ಅಂಗೈ ಒತ್ತಿದ.

“ಈ ಮನೆಗೂ ನನಗೂ ಸಂಬಂಧ ಇಲ್ಲ. ನನಗೂ ಇಲ್ಲ, ನನ್ನ ಮಕ್ಕಳು ಮೊಮ್ಮಕ್ಕಳಿಗೂ ಇಲ್ಲ.”

ಕಾಡಪ್ಪ ಮೊಬೈಲಿನಲ್ಲಿ ಅದನ್ನೆಲ್ಲ ಹಿಡಿದುಕೊಂಡ. ಮುನಿಕೆಂಪಮ್ಮ ಜಗಲಿಯ ಮೇಲೆ ಕುಸಿದು ನಿಟ್ಟುಸಿರು ಬಿಟ್ಟಳು. ಅವಳ ಮಾವ ಸಾಯುವಾಗ ಹೇಳಿದ್ದರಂತೆ, ದೊಡ್ಡ ಮಗ ಸಿಟ್ಟಲ್ಲಿ ಏನೇ ಅಂದು ಹೋಗಿರಲಿ, ಅವನ ಕಡೆಯವರು ಬಂದು ನಮ್ಮದು ಅಂತ ಕರ್ಪೂರ ಆರಿಸಿದರೆ ಅರ್ಧ ಮನೆ ಬಿಟ್ಟುಕೊಡು ಅಂತ. “ಇವ್ನಾದ್ರೂ ನಮ್ದು ಅಂತ ಆರಿಸ್ತಾನೆ ಅಂದ್ಕಂಡೆ. ಇನ್ ಕಾಯಾಕಾಗಲ್ಲ ಕಣೋ ಕಾಡ. ಮಾರ್ಕೋ.” ಆಮೇಲೆ ಎಲ್ಲರಿಗೂ ಕಾಫಿ ಕೊಟ್ಟರು. ಸುಳ್ಳುಗಾರನಾದರೇನು, ಬಾಗಿಲಿಗೆ ಬಂದವನು.

ವಾಪಸ್ಸು ಬರುವಾಗ ರಾಧಾಮಣಿ ಕಾರಿನ ಕಿಟಕಿಯ ಕಡೆ ತಿರುಗಿದವಳು ಈ ಕಡೆ ತಿರುಗಲಿಲ್ಲ. ಶಿವರಾಮ್ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಇವರನ್ನು ಇಳಿಸಿದವನೇ ಕಾರು ತಿರುಗಿಸಿಕೊಂಡು ಯಾವುದೋ ಅರ್ಜೆಂಟು ಕೆಲಸ ಅಂತ ಹೊರಟುಹೋದ.

ಮಗನ ಅಂಗೈ ಬೊಬ್ಬೆ ಎದ್ದದ್ದನ್ನು ಕಂಡು ಗೌರಮ್ಮ ಬೆಣ್ಣೆ ತಂದಳು. ಏನಾಯಿತೆಂದು ಕೇಳಿದಳು. ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಸಿದ. ಬೆಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

“ಎಡಗಡೆ ಕಂಬದ್ದಾ? ಗಿಣಿ?”

“ಹೂಂ. ಕೊಕ್ಕು ಮುರಿದಿತ್ತು. ನಮ್ಮಪ್ಪ ಬುಗುರೀಲಿ ಹೊಡೆದ್ರು ಅಂತ ಬಾಯಿಗೆ ಬಂದಿದ್ದು ಹೇಳ್ದೆ.”

“ಬಾಯಿಗೆ ಬಂದಿದ್ದಲ್ಲ ಕಣೋ. ನಿನ್ನನ್ನ ತೊಡೆ ಮೇಲೆ ಮಲಗಿಸ್ಕೊಂಡು ನಿಮ್ಮಪ್ಪ ದಿನಾ ಹೇಳ್ತಿದ್ದ ಕತೆ ಅದು. ಮೂರು ವರ್ಷದ ಕೂಸು, ನಿಂಗೆಲ್ಲಿ ನೆನಪಿರುತ್ತೆ.” ಗೌರಮ್ಮ ಗೋಡೆಗೆ ಒರಗಿದಳು. “ಹಬ್ಬದ ಊಟದಲ್ಲಿ ಕೋಳಿ ಕಾಲು ಅಣ್ಣಂಗೆ ಹಾಕದೆ ತಮ್ಮಂಗೆ ಹಾಕಿದ್ರು ಅಂತ ಜಗಳ ಆಡ್ಕೊಂಡು ಬಂದ್ವಿ. ಆ ಮನೆಯವರಿಟ್ಟ ಹೆಸರೂ ಬೇಡ ಅಂತ ಮುನಿಶಾಮಿ ಹೋಗಿ ವೆಂಕಟರಾಮಯ್ಯ ಆದ್ರು. ಆ ಊರಿನ ಸುದ್ದೀನೇ ಎತ್ತಕೂಡದು ಅಂತ ಸಾಯೋವಾಗ ನನ್ನ ಹತ್ರ ಮಾತು ತಗೊಂಡಿದ್ರು.”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ರಾಧಾಮಣಿ ಒಳಗೆ ಬಂದಳು. “ಸುಳ್ಳು ಅಂದ್ಕೊಂಡು ಹನ್ನೆರಡು ವರ್ಷ ನಿಜ ಹೇಳಿದ್ರಿ. ನಿಜ ಹೇಳ್ತೀನಿ ಅಂತ ಹೋಗಿ ಇವತ್ತು ಸುಳ್ಳು ಹೇಳ್ಬಿಟ್ಟು ಬಂದ್ರಿ.”

ನಾಗಭೂಷಣ ವಾಪಸ್ಸು ಪೇಟೆ ಬೀದಿಗೆ ಅಂತ ಚಪ್ಪಲಿ ಮೆಟ್ಟಿಕೊಂಡೇಬಿಟ್ಟ. ಒಂದು ಕಾಲು ಹೊಸ್ತಿಲ ಆಚೆ ಇಡುವಷ್ಟರಲ್ಲಿ ಫೋನು ಬಂತು. ಶಿವರಾಮ್.

“ಭಾವ, ನಿಮಗೆ ಎಷ್ಟ್ ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಅಲ್ಲಿಂದಲೇ ಮಾತಾಡ್ತಿದೀನಿ. ಆ ಮನೆ ನನಗೇ ಕೊಡ್ತಾರಂತೆ. ಇಷ್ಟು ವರ್ಷ ದೊಡ್ಡ ಮಗನ ಕಡೆಯೋರು ಬರ್ತಾರೆ ಅಂತ ಅಜ್ಜಿ ಒಪ್ಪಿರಲಿಲ್ವಂತೆ, ನೀವು ಆರಿಸಿದ್ಮೇಲೆ ಆಸೆ ಬಿಟ್ಟು ಹೂಂ ಅಂದ್ರು. ವಿಡಿಯೋ ಗ್ರೂಪಿಗೆ ಹಾಕಿದೀನಿ ನೋಡಿ, ನಿಮ್ಮಮ್ಮಂಗೂ ತೋರಿಸಿ.”

ನಾಗಭೂಷಣ ಹೊಸ್ತಿಲ ಮೇಲೇ ಕೂತ. ಅಮ್ಮ ಬಂದು ಅವನ ಕೈ ಎಳೆದುಕೊಂಡು ಉಳಿದ ಬೆಣ್ಣೆಯನ್ನು ಹಚ್ಚತೊಡಗಿದಳು.

“ಅಲ್ಲಾಡಬೇಡ,” ಎಂದಳು. “ನಿಮ್ಮಪ್ಪನೂ ಅವತ್ತು ಈ ಮನೆ ನನಗೆ ಬೇಡ ಅಂತ ಕರ್ಪೂರ ಆರಿಸಿಯೇ ಎದ್ದು ಬಂದಿದ್ದು. ಇಲ್ಲೇ, ಇದೇ ಜಾಗದಲ್ಲಿ ಬೊಬ್ಬೆ ಬಂದಿತ್ತು.”