ಗೊಡಚಿಯವರ ಮಸ್ತಿಷ್ಕವಿಜಯ

ಎಲೈ ಕಪಾಲಕುಹರವಾಸಿನಿಯಾದ ಬುದ್ಧಿದೇವಿಯೇ, ಕೆಲವರ ತಲೆಯಲ್ಲಿ ಬಾಡಿಗೆಗೂ ನಿಲ್ಲದ ತಾಯಿಯೇ, ನನ್ನ ನಾಲಗೆಗೆ ಬಾ. ಶಾಲು ಹೊದ್ದವನೇ ಪಂಡಿತನೆನಿಸುವ ಈ ಮಹಾಯುಗದಲ್ಲಿ, ಧಾರವಾಡವೆಂಬ ವಿದ್ಯಾನಗರಿಯಲ್ಲಿ, ಸಕಲಸಭಾಧ್ಯಕ್ಷಪೀಠಲಂಪಟನೂ, ಹಾರಭಾರಾವನತಕಂಠನೂ, ಕೊಬ್ಬರಿಯೆಣ್ಣೆಪರಿಷೇಕಸ್ನಿಗ್ಧಕಪಾಲನೂ ಆದ ಪ್ರೊಫೆಸರ್ ತ್ರಿಲೋಚನ ಗೊಡಚಿ ಎಂಬ ವೀರನು ಮೆದುಳಿನ ಪ್ರಯೋಗಶಾಲೆಯೊಂದನ್ನು ಆಳುತ್ತಿದ್ದನು. ಆಳುವುದೆಂದರೆ ವರ್ಷಕ್ಕೆರಡು ಸಲ ಬಂದು ಚಹಾ ಕುಡಿಯುವುದು.

ಅಲ್ಲಿ ದುಡಿಯುತ್ತಿದ್ದವಳು ತಂತ್ರಜ್ಞೆ ನೀಲಗಂಗಾ ಬಡಿಗೇರ. ಮೂವತ್ತೆರಡು ಲೋಹದ ಬಿಲ್ಲೆಗಳಿದ್ದ ಟೊಪ್ಪಿಗೆಯನ್ನು ಜನರ ತಲೆಗೆ ತೊಡಿಸಿ, ಮೆದುಳಿನ ಯಾವ ಭಾಗ ಯಾವುದರೊಡನೆ ಒಟ್ಟಿಗೆ ಮಿಡಿಯುತ್ತದೆಂದು ನೋಡಿ, ಆ ಜೋಡಿಗಳ ನಡುವೆ ಗೆರೆಯೆಳೆದು ಜಾಲದ ನಕ್ಷೆ ಮಾಡುವುದು ಅವಳ ಕೆಲಸ. ಎರಡು ವರ್ಷದಲ್ಲಿ ನಲವತ್ತು ತಲೆಗಳಾಗಿದ್ದವು. ಮಾಸ್ತರರು, ನೇಕಾರರು, ಖಾನಾವಳಿಯ ಅಡುಗೆಯವರು, ಯಾರದೇ ಆಗಲಿ, ನೋಟದ ಭಾಗಗಳದು ಒಂದು ಓಣಿ, ಕೈಕಾಲಾಡಿಸುವ ಭಾಗಗಳದು ಇನ್ನೊಂದು, ಓಣಿಯಿಂದ ಓಣಿಗೆ ಕೆಲವೇ ದಾರಿ. ಈ ನಲವತ್ತರ ಸರಾಸರಿ ನಕ್ಷೆಯನ್ನು ಪ್ರಯೋಗಶಾಲೆಯ ಬೆಳ್ಳಿಹಬ್ಬದಂದು ಗೋಡೆಗೇರಿಸುವುದೆಂದು ಗೊತ್ತಾಗಿತ್ತು.

ಇದನ್ನು ಕೇಳಿದ ವೀರನು ಕುರ್ಚಿ ಅದುರುವಂತೆ ಗರ್ಜಿಸಿದನು: “ಏನು! ಅಡುಗೆಯವನ ಮೆದುಳು ಗೋಡೆಯ ಮೇಲೆ, ನಾನು ಗೋಡೆಯ ಕೆಳಗೆ? ಇಪ್ಪತ್ತು ವರ್ಷ ಧ್ಯಾನಾಗ್ನಿಯಲ್ಲಿ ಪುಟಗೊಂಡ ಈ ಮಸ್ತಕವನ್ನು ಅಳೆ! ಆ ನಲವತ್ತನ್ನು ಕಸದ ಬುಟ್ಟಿಗೆ ಹಾಕು!”

ನೀಲಗಂಗಾ ನಕ್ಷೆಗಳ ಕಡತವನ್ನು ಬುಟ್ಟಿಯಿಂದ ದೂರ ಸರಿಸಿದಳು. ಎರಡು ವರ್ಷದ ದುಡಿಮೆ ಅದು. ಆದರೂ ಮೆಲ್ಲಗೆ ಹೇಳಿದಳು: “ಸರ, ತಲಿಗೆ ಎಣ್ಣಿ ಹಚ್ಚೀರಿ. ಬಿಲ್ಲಿ ಚರ್ಮಕ್ಕ ಹತ್ತಂಗಿಲ್ರಿ. ತೊಳಕೊಂಡು ಬರ್ರಿ.”

“ಮೂಢೆ! ಎಣ್ಣೆ ಅಡ್ಡಬರುವುದು ಅಲ್ಪರ ಮೆದುಳಿಗೆ!”

‘ತಲೆಗೆ ಎಣ್ಣೆ ಹಚ್ಚಿ ಬರಬಾರದು’ ಎಂಬ ಫಲಕ ಬಾಗಿಲಲ್ಲೇ ಇತ್ತು. ಅದರ ಕೆಳಗೆ ಇದೇ ವೀರನ ರುಜು. ರುಜು ಹಾಕುವ ಮುನ್ನ ಓದುವಂಥ ಹೀನ ಚಾಳಿ ಆತನಿಗೆಂದೂ ಇರಲಿಲ್ಲ.

ಹೀಗೆ, ಕಿರಿಯ ಅಧ್ಯಾಪಕರು ಸುತ್ತ ನೆರೆದಿರಲು, ಸಮರ ಮೊದಲಾಯಿತು. ಕಿರೀಟದಂತೆ ಟೊಪ್ಪಿಗೆಯನ್ನು ಧರಿಸಿ, ಸೆಕೆ ತಾಳದ ಆ ತಪಸ್ವಿಯು ಟೇಬಲ್ ಫ್ಯಾನನ್ನು ಕಿವಿಯ ಬಳಿಗೇ ಎಳೆಸಿಕೊಂಡು, ಕಣ್ಮುಚ್ಚಿ ಕಾಲು ಗಂಟೆ ಕುಳಿತನು. ಪರದೆಯ ಮೇಲೆ ಮೂವತ್ತೆರಡು ಬಿಂದುಗಳೂ ಒಂದನ್ನು ಬಿಡದೆ ಒಂದಕ್ಕೊಂದು ಬೆಸೆದುಕೊಂಡವು. ಓಣಿಯಿಲ್ಲ, ದಾರಿಯಿಲ್ಲ, ಬರೀ ಗೆರೆಗಳ ಕಗ್ಗಂಟು.

“ನೋಡಿರಿ ವಿಶ್ವೈಕ್ಯವನ್ನು!” ಎಂದು ಎದ್ದನು ವೀರ. “ಈ ತ್ರಿಲೋಚನನ ಮೆದುಳಲ್ಲಿ ಭೇದವೇ ಇಲ್ಲ! ಭೂಮಂಡಲದಲ್ಲಿ ಇಂಥ ಇನ್ನೊಂದು ತಲೆಯಿದ್ದರೆ ತೋರಿಸಿರಿ!”

ಕಿರಿಯ ಅಧ್ಯಾಪಕರು ಚಪ್ಪಾಳೆ ತಟ್ಟಿದರು. ಇಂಥವರ ಬಳಿ ಶಾಲು, ಹಾರ ಸದಾ ಸಿದ್ಧವಿರುತ್ತವೆ. ಹಾರ ಹಾಕಲು ಅಡ್ಡಿಯಾಯಿತೆಂದು ನೀಲಗಂಗಾ ಟೊಪ್ಪಿಗೆಯನ್ನು ಬಿಚ್ಚಿ, ದಿನವೂ ಒಣಗಲು ಇಡುವಂತೆ, ಮೇಜಿನ ಮೇಲಿದ್ದ ಥರ್ಮಾಕೋಲ್ ತಲೆಗೆ ತೊಡಿಸಿದಳು. ಯಂತ್ರವನ್ನಾಗಲಿ ಫ್ಯಾನನ್ನಾಗಲಿ ಯಾರೂ ಆರಿಸಿರಲಿಲ್ಲ.

ಪರದೆ ಮತ್ತೆ ನಕ್ಷೆ ಬಿಡಿಸಿತು. ಅದೇ ಕಗ್ಗಂಟು, ಅದೇ ವಿಶ್ವೈಕ್ಯ, ಒಂದು ಗೆರೆಯೂ ಕಡಿಮೆಯಿಲ್ಲ.

ಚಪ್ಪಾಳೆ ನಿಂತಿತು.

“ಅದು ಫ್ಯಾನಿನ ಕರೆಂಟು ಸರ,” ಎಂದಳು ನೀಲಗಂಗಾ. “ಚರ್ಮಕ್ಕ ಹತ್ತಲಿಲ್ಲಂದ್ರ ಎಲ್ಲಾ ಬಿಲ್ಲಿಯೊಳಗೂ ಅದ ಒಂದ ಬರತೈತಿ. ಹೋಗ್ಲಿ ಬಿಡ್ರಿ, ಪಟದ ಕೆಳಗ ಯಾರ ಹೆಸರು ಬರೀಲಿ? ನಿಮ್ದೋ, ಈ ಥರ್ಮಾಕೋಲ್ ಸಾಹೇಬರದೋ?”

ವೀರನು ಹಾರವನ್ನು ತೆಗೆದು ಮೇಜಿನ ಮೇಲಿಟ್ಟನು. “ನೀಲಗಂಗಾ,” ಎಂದನು ಸಣ್ಣ ದನಿಯಲ್ಲಿ, “ಶಾಂಪೂ ಐತೇನವಾ?”

ಎರಡು ಪೊಟ್ಟಣ ಬೇಕಾದವು. ತೊಳೆದ ತಲೆಯ ನಕ್ಷೆಯಲ್ಲಿ ನೋಟದ್ದು ಒಂದು ಓಣಿ, ಕೈಕಾಲಿನದು ಇನ್ನೊಂದು, ನಡುವೆ ಕೆಲವೇ ದಾರಿ. ಖಾನಾವಳಿಯ ಅಡುಗೆಯವನದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ನೀಲಗಂಗಾ ಅದನ್ನು ನಲವತ್ತೊಂದನೆಯ ತಲೆಯೆಂದು ಸರಾಸರಿಗೆ ಸೇರಿಸಿಕೊಂಡಳು. ಗೋಡೆಯ ಮೇಲೆ ಅವಳ ನಕ್ಷೆಯೇ ಏರಿತು.

ಈ ದಿಗ್ವಿಜಯವನ್ನು ಕಿವಿಯಾರೆ ಕೇಳಿದವರಿಗೆ ಸ್ವರ್ಗ ಸಿಗುತ್ತದೋ ಇಲ್ಲವೋ ನಾನರಿಯೆ. ಆ ಕಡೆ ಹೋಗುವುದಿದ್ದರೆ ತಲೆ ತೊಳೆದುಕೊಂಡು ಹೋಗಿ.